ಬೇಗ ಇಳಿಸಿದ್ದಕ್ಕೆ ದೂರು

ವಿಮಾನ ಸಂಸ್ಥೆಯ ವ್ಯವಸ್ಥಾಪಕರಿಗೆ,

ನಿಮ್ಮ ಟಿಕೆಟಿನಲ್ಲಿ ಪ್ರಯಾಣ ಎರಡು ಗಂಟೆ ಎಂದಿತ್ತು. ಹಿಂದಿನಿಂದ ಒಳ್ಳೆಯ ಗಾಳಿ ಸಿಕ್ಕಿತೆಂದು ಪೈಲಟ್ ಇಪ್ಪತ್ತು ನಿಮಿಷ ಮೊದಲೇ ಇಳಿಸಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅನ್ಯಾಯವಾದದ್ದು ನಮಗೆ.

ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ವಿಷಯಕ್ಕೆ ನಾನೂ ನನ್ನ ತಂಗಿಯೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಮ್ಮನ ಮಗುವನ್ನು ನೋಡಲು ಹೊರಟರೆ, ಆ ಕಿಲಾಡಿ ನಮಗಿಬ್ಬರಿಗೂ ಅಕ್ಕಪಕ್ಕದ ಸೀಟೇ ಮಾಡಿಸಿದ್ದ. ಮುಕ್ಕಾಲು ದಾರಿ ಮುಖ ಊದಿಸಿಕೊಂಡು ಕೂತೆವು. ಆಮೇಲೆ ತಂಗಿ ಕಿಟಕಿ ನೋಡುತ್ತಲೇ ಕೇಳಿದಳು: "ಆ ಮಷೀನು ಇನ್ನೂ ದಾರ ಕಡಿಯತ್ತಾ?"

"ಕಡಿಯತ್ತೆ ಕಣೇ, ಥೇಟ್ ನಿನ್ನ ಹಾಗೆ," ಎಂದೆ.

ಅಲ್ಲಿಂದ ಜಗಳ ರಂಗೇರಿತು. ಬೈದು ಬೈದು, ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ಅಷ್ಟರಲ್ಲೇ ನೀವು ಬೆಲ್ಟ್ ಕಟ್ಟಿಕೊಳ್ಳಿ ಎಂದಿರಿ! ಇಲ್ಲಿ ತಮ್ಮನ ಮನೆಯಲ್ಲಿ ಮಗು ಮಲಗಿರುತ್ತದೆ, ದನಿ ಎತ್ತುವ ಹಾಗಿಲ್ಲ.

ಆದ್ದರಿಂದ ವಾಪಸು ಬರುವಾಗಲೂ ಅಕ್ಕಪಕ್ಕದ ಸೀಟೇ ಕೊಡಿ. ಸುತ್ತು ಬಳಸಿ, ನಡುವೆ ಎಲ್ಲಾದರೂ ನಿಂತು ಹೋಗುವ ವಿಮಾನವಾದರೆ ಇನ್ನೂ ಒಳ್ಳೆಯದು. ಅವಸರ ನಮಗಿಲ್ಲ.

ಇಂತಿ,
ದರ್ಜಿ ಅಕ್ಕ

(ಕೋಪ ನನ್ನದು, ಅಕ್ಷರ ತಂಗಿಯದು. ಹೇಳಿದ್ದನ್ನೆಲ್ಲ ಬರೆದಿದ್ದಾಳೆ, ಯಂತ್ರ ಇನ್ನು ಅವಳದೇ ಎಂಬುದೊಂದನ್ನು ಬಿಟ್ಟು. ಆ ಮಾತಿಗೆ ಅತ್ತುಬಿಟ್ಟಳು, ಅದಕ್ಕೇ ಈ ಸಾಲು ನಾನೇ ಬರೆದೆ.)