ನಮ್ಮನೆ ಲಾಳಿ ರಾಕೆಟ್ ಅಲ್ಲ

ಏರ್‌ಪೋರ್ಟ್ ಭದ್ರತೆಯ ದೊಡ್ಡ ಸಾಹೇಬ್ರೇ,

ಪ್ಲೇನು ಉಡಾಯಿಸ್ತೀನಿ ಅಂತ ನಾನು ಹೇಳೇ ಇಲ್ಲ ಸ್ವಾಮಿ. ಮೊದ್ಲು ಅದನ್ನ ನಿಮ್ಮ ರಿಜಿಸ್ಟರಲ್ಲಿ ಹೊಡೆದುಹಾಕಿ. ನಾನಂದಿದ್ದು ಲಾಳಿ ಹಾರುತ್ತೆ ಅಂತ. ಲಾಳಿ ಅಂದ್ರೆ ಮಗ್ಗದಲ್ಲಿ ನೂಲು ಹೊತ್ಕೊಂಡು ಈ ಕಡೆಯಿಂದ ಆ ಕಡೆ ಓಡೋ ಮರದ ತುಂಡು, ಎರಡು ತುದಿಗೂ ಕಬ್ಬಿಣದ ಮೊನೆ. ದೊಡ್ಡಬಳ್ಳಾಪುರದಲ್ಲಿ ಹಾಲು ಕುಡಿಯೋ ಮಗೂನ ಕೇಳಿದ್ರೂ ಹೇಳುತ್ತೆ. ನಿಮ್ಮ ಮಿಷಿನ್‌ಗೆ ಮಾತ್ರ ಅದು ರಾಕೆಟ್ ಥರ ಕಾಣ್ತು.

ನಮ್ಮಕ್ಕ ಮಾನಸಂಗೆ ಮುಂದಿನ ತಿಂಗಳು ಮದ್ವೆ. ಧಾರೆ ಸೀರೆ ನಮ್ಮನೆ ಮಗ್ಗದಲ್ಲೇ ಆಗ್ಬೇಕು ಅಂತ ಹಟ. ಅರ್ಧ ನೇಯ್ದಾಗಿತ್ತು, ಜೋಡಿ ಲಾಳೀಲಿ ಒಂದು ಸೀಳ್ಕೊಂತು. ತಾತನ ಕಾಲದ ಮಗ್ಗ, ಆ ಅಳತೆ ಈ ಕಡೆ ಎಲ್ಲೂ ಸಿಗಲ್ಲ. ಸೂರತ್ತಲ್ಲಿ ಒಬ್ಬ ಮಾಡ್ಕೊಡ್ತೀನಿ, ಸ್ಯಾಂಪಲ್ ತಗೊಂಡ್ ಬಾ ಅಂದ. ಉಳಿದಿದ್ದ ಇನ್ನೊಂದನ್ನ ಕೈಬ್ಯಾಗಿಗೆ ಹಾಕ್ಕೊಂಡೆ. "ರೈಲಲ್ಲಿ ಹೋಗೋ" ಅಂದ್ಲು ನಮ್ಮಮ್ಮ. ಕೇಳ್ಲಿಲ್ಲ. ಮೊದಲ್ನೇ ಸಲ ಪ್ಲೇನು, ಶೋಕಿ.

ಬೆಲ್ಟ್ ಬಿಚ್ಚು ಅಂದ್ರು, ಬಿಚ್ಚಿದೆ. ಒಂದ್ ಕೈಲಿ ಪ್ಯಾಂಟ್ ಹಿಡ್ಕೊಂಡು ನಿಂತಿದ್ದವನಿಗೆ ನಿಮ್ಮ ಕಾವಲಿನವರು "ಯೇ ಕ್ಯಾ ಹೈ?" ಅಂದ್ರು. "ಶಟಲ್" ಅಂದೆ. "ಕ್ಯಾ ಕರ್ತಾ ಹೈ?" ಹಾರುತ್ತೆ ಅನ್ನಬೇಕು. ಬಾಯಿಗೆ ಬಂದಿದ್ದು "ಉಡಾತಾ ಹೈ". ಆಮೇಲೆ ಗೊತ್ತಾಯ್ತು, 'ಉಡ್ತಾ' ಅಂದ್ರೆ ಹಾರುತ್ತೆ, 'ಉಡಾತಾ' ಅಂದ್ರೆ ಉಡಾಯಿಸುತ್ತೆ! ಒಂದು ದೀರ್ಘಕ್ಕೆ ಆರು ಜನ ಬಂದೂಕು ಹಿಡ್ಕೊಂಡು ಓಡ್ಬಂದ್ರು. ಎರಡೂ ಕೈ ಎತ್ತು ಅಂದ್ರು. ಎತ್ತಿದೆ. ಪ್ಯಾಂಟಿನ ಗತಿ ಏನಾಯ್ತು ಅಂತ ನಿಮ್ಮ ಕ್ಯಾಮೆರಾದಲ್ಲಿ ನೋಡ್ಕೊಳ್ಳಿ.

ಮೂರು ಗಂಟೆ ಕೂರಿಸಿದ್ರಿ, ಪ್ಲೇನು ಹೋಯ್ತು. ಲಾಳೀನ ಲೈಟರು, ನೈಲ್‌ಕಟ್ಟರ್ ಜೊತೆ ಡಬ್ಬಕ್ಕೆ ಎಸೆದ್ರಿ. ಮೊನೆ ಚೂಪು ಅಂತೀರಾ, ಒಪ್ಪಿದೆ. ನನ್ನ ಮುಂದಿದ್ದ ಸೂಟಿನವರು ಒಳಗಿನ ಅಂಗಡೀಲಿ ಗಾಜಿನ ಬಾಟ್ಲಿ ಕೊಂಡು ಹತ್ತಿದ್ರಲ್ಲ, ಅದು ಒಡೆದ್ರೆ ಮಲ್ಲಿಗೆ ಹೂವಾಗುತ್ತಾ? "ಬೋರ್ಡ್ ಓದ್ಲಿಲ್ವೇನಪ್ಪಾ?" ಅಂತಾರೆ ನಿಮ್ಮ ಆಫೀಸಲ್ಲಿ. ಓದಿದೆ. ಚಾಕು, ಕತ್ತರಿ, ಕೊನೆಗೆ ಕ್ರಿಕೆಟ್ ಬ್ಯಾಟ್ ಚಿತ್ರಾನೂ ಇತ್ತು. ಲಾಳಿ ಚಿತ್ರ ಎಲ್ಲಿತ್ತು ಸ್ವಾಮಿ?

ಮನೆಗೆ ಬಂದು ಎಲ್ಲ ಹೇಳಿದೆ. "ಲೇ ನಂದಾ, ಅರ್ಧ ಸೀರೇಲಿ ಧಾರೆಗೆ ನಿಲ್ತೀನಿ ಬಿಡು" ಅಂದ್ಲು ಅಕ್ಕ, "ನೀನು ಅರ್ಧ ಪ್ಯಾಂಟಲ್ಲಿ ನಿಂತಿದ್ಯಲ್ಲ, ಜೋಡಿ ಆಗುತ್ತೆ." ನಗ್ತಾನೇ ಅಂದ್ಲು. ಆಮೇಲೆ ಮಗ್ಗದ ಮುಂದೆ ಒಬ್ಳೇ ಕೂತು ಅತ್ಲು. ನಾನು ನೋಡ್ದೆ.

ಅದಕ್ಕೇ ಹೇಳ್ತಿದ್ದೀನಿ, ಕ್ಷಮೆ ಗಿಮೆ ಬೇಡ, ಲಾಳಿ ಕೊಡಿ. ಡಬ್ಬ ಹುಡುಕಿಸಿ. ಇಸ್ಕೊಳ್ಳೋಕೆ ಈಗ್ಲೇ ಹೊರಟೆ. ನಿಮ್ಮಲ್ಲಿಗೆ ಬಂದು ಬಾಗಿಲು ಧಡಾರ್ ಅನ್ನಿಸೋಣ ಅಂದ್ರೆ ಅದು ಗಾಜಿಂದು, ತಾನೇ ಮೆತ್ತಗೆ ಮುಚ್ಕೊಳ್ಳುತ್ತೆ. ಅದಕ್ಕೆ ಹೊರಡ್ತಾ ನಮ್ಮನೆ ಬಾಗಿಲನ್ನೇ ಧಡಾರ್ ಅಂತ ಹಾಕ್ತಿದ್ದೀನಿ. ಮಗ್ಗ ಓಡ್ತಿದ್ದಿದ್ರೆ ಅದರ ಗಲಾಟೇಲಿ ಈ ಸದ್ದು ನಮ್ಮಮ್ಮನಿಗೂ ಕೇಳ್ತಿರ್ಲಿಲ್ಲ. ಇವತ್ತು ನಿಮಗೂ ಕೇಳ್ಬೇಕು.

ಇಂತಿ,
ಹಿಂದೀಲಿ ಹನ್ನೊಂದು ಮಾರ್ಕ್ಸ್ ತಗೊಂಡು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು, ನಿಮ್ಮ ಹತ್ರ ಬಂದು ಅದೇ ಸಬ್ಜೆಕ್ಟಲ್ಲಿ ಮತ್ತೆ ಫೇಲಾದ
ನಂದನ್