ಸತ್ತ ಕೂಸಿನ ಮದುವೆ

ಕೀತ್ಲಿ, ಯಾರ್ಕ್‌ಶೈರ್
ಏಪ್ರಿಲ್ ೧೨, ೨೦೧೯, ಶುಕ್ರವಾರ

ಪ್ರೀತಿಯ ಮಾಲ್ಕಮ್,

ಹೇಗಿದ್ದೀಯ? ಸೋಲ್ವೈಯ ಮಂಡಿ ನೋವು ಕಡಿಮೆಯಾಯಿತೇ? ಈ ಹೊತ್ತಿಗೆ ನಿಮ್ಮಲ್ಲಿ ಕುರಿಗಳು ಮರಿ ಹಾಕಲು ಶುರುಮಾಡಿರಬೇಕು, ನೀನು ಮೂರು ಹೊತ್ತೂ ಕೊಟ್ಟಿಗೆಯಲ್ಲೇ ಇರುತ್ತೀಯ ಎಂದು ಗೊತ್ತು. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಸೋಲ್ವೈಯೇ ಎತ್ತಿ, ಮಾಲ್ಕಮ್ ಕೊಟ್ಟಿಗೆಯಲ್ಲಿದ್ದಾನೆ ಎಂದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿನ್ನ ಕೆಮ್ಮು ಹಿಂದೆಯೇ ಕೇಳುತ್ತಿತ್ತು. ಆ ಕೆಮ್ಮಿಗೆ ಏನಾದರೂ ಔಷಧಿ ತಗೋ. ನಿನ್ನ ಮಗಳು ಮಾರಿಟ್‌ಳ ಪರೀಕ್ಷೆ ಹೇಗಾಯಿತು ಎಂದು ಅವಳಾದರೂ ಬರೆಯಲಿ. ನನ್ನ ಸೊಂಟ ಇದ್ದಂತೆಯೇ ಇದೆ, ಮೆಟ್ಟಿಲು ಹತ್ತುವಾಗ ಅಮ್ಮನ ಹಾಗೆಯೇ 'ಉಸ್ಸಪ್ಪಾ' ಎನ್ನುತ್ತೇನೆ. ಕಡೆಗೆ ಕಾಗದವೇ ಗತಿ ಎಂದು ಕುಳಿತಿದ್ದೇನೆ. ನಾವಿಬ್ಬರೂ ಅಂಚೆಯವನ ಮಕ್ಕಳು, ಬಂದ ಕಾಗದವನ್ನು ಒಡೆಯದೆ ಇಡುವ ಧೈರ್ಯ ನಿನಗೂ ಇಲ್ಲ.

ಅಪ್ಪನ ವಿಷಯ ಎಂದು ನಿನಗೆ ಗೊತ್ತಾಗಿದೆ. ಕಾಗದ ಮಡಚಬೇಡ, ಪೂರ್ತಿ ಓದು. ಜನವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೆದದ್ದನ್ನು ಬರೆದಿದ್ದೆ. ಬಲಗೈ ಹೋಗಿದೆ, ಈಗ ಗುಡ್ಡದ ಮೇಲಿನ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿದೆ: 'ಏನಿಲ್ಲ.' ಟೀ ಬೇಕಾ ಅಪ್ಪ ಎಂದರೆ ಏನಿಲ್ಲ, ನೋಯುತ್ತಾ ಎಂದರೆ ಏನಿಲ್ಲ, ಕಿಟಕಿಯಾಚೆ ಹಕ್ಕಿ ತೋರಿಸಿದರೂ ಏನಿಲ್ಲ. ನಾವು ಚಿಕ್ಕವರಿದ್ದಾಗ ಅವರನ್ನು ಏನು ಕೇಳಿದರೂ ಬರುತ್ತಿದ್ದ ಉತ್ತರ ಅದೇ ತಾನೇ, ನಾಲಿಗೆಗೆ ಅಷ್ಟು ಪಳಗಿದ್ದು ಬೇರೆ ಏನಿರುತ್ತೆ. ಇನ್ನೊಂದು ವಿಚಿತ್ರ. ಅಲ್ಲಿ ಪ್ರತಿ ಕೋಣೆಯ ಬಾಗಿಲಿಗೂ ಹೆಸರಿನ ಚೀಟಿ ಅಂಟಿಸಿರುತ್ತಾರೆ. 'ಶ್ರೀ ಅರ್ನಾಲ್ಡ್ ಹೆಸಲ್‌ಗಿಲ್' ಎಂದು ನರ್ಸ್ ಬೆಳಿಗ್ಗೆ ಅಂಟಿಸಿದರೆ ಮಧ್ಯಾಹ್ನದೊಳಗೆ ಅಪ್ಪ ಎಡಗೈಯಲ್ಲಿ ಕಿತ್ತುಹಾಕುತ್ತಾರೆ. ನರ್ಸ್ ಬ್ಲೆಸಿಂಗ್ ಒಳ್ಳೆಯ ಹುಡುಗಿ, ನಗುತ್ತಲೇ ದೂರು ಹೇಳಿದಳು: "ನಿಮ್ಮ ಅಪ್ಪ ನನಗೆ ದಿನಾ ಎರಡು ಸಲ ಕೆಲಸ ಕೊಡ್ತಾರೆ ಅಮ್ಮ. ಪಕ್ಕದ ಕೋಣೆ ಚೀಟಿ ಮುಟ್ಟಲ್ಲ, ತಮ್ಮದೇ ಬೇಕು." ಬುದ್ಧಿ ಮಂಕಾಗಿದೆ ಎಂದು ನಾನು ಸುಮ್ಮನಾದೆ. ಹೆಸಲ್‌ಗಿಲ್ ಎಂಬ ಹೆಸರಿಗಾಗಿ ಜೀವ ತೇಯ್ದ ಮನುಷ್ಯ ಅದನ್ನೇ ಕಿತ್ತುಹಾಕುವುದೆಂದರೆ ನಾನಾದರೂ ಇನ್ನೇನೆಂದು ತಿಳಿಯಲಿ?

ನಮ್ಮ ಭಾನುವಾರಗಳು ನೆನಪಿವೆಯಾ? ಬೇರೆ ಮಕ್ಕಳು ಸಮುದ್ರಕ್ಕೆ ಹೋದರೆ ನಾವು ಹಾರ್ಕರ್‌ಡೇಲ್ ಕಣಿವೆಯ ಚರ್ಚಿನ ಸ್ಮಶಾನಕ್ಕೆ. ಅಮ್ಮ ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಕೊಡುತ್ತಿದ್ದಳು, ಅಪ್ಪ ಹಲ್ಲುಜ್ಜುವ ಹಳೆ ಬ್ರಷ್ಷು ಹಿಡಿದು ಗೋರಿಕಲ್ಲಿನ ಪಾಚಿ ತೆಗೆಯುತ್ತಿದ್ದರು, ನೀನು ಯಾವನದೋ ಗೋರಿಯ ಮೇಲೆ ಮಲಗಿ ಕಾಮಿಕ್ಸ್ ಓದುತ್ತಿದ್ದೆ. ಕಣಿವೆಯ ತುದಿಯ ಆ ಪಾಳು ಹೊಲಮನೆ ಹೆಸಲ್‌ಗಿಲ್, ಅದರಿಂದಲೇ ನಮ್ಮ ಹೆಸರು, ಅಲ್ಲಿಂದಲೇ ನಮ್ಮ ರಕ್ತ ಎಂದು ಅಪ್ಪ ಕೈಚಾಚಿ ತೋರಿಸುವಾಗ ಅರಮನೆ ತೋರಿಸಿದಂತೆ ಇರುತ್ತಿತ್ತು. ನಿಜಕ್ಕೂ ಅಲ್ಲಿದ್ದದ್ದು ಎರಡು ಗೋಡೆ, ಒಂದು ಕುರಿ. ಮೂವತ್ತೆಂಟು ವರ್ಷ ಬೇರೆಯವರ ಮನೆಬಾಗಿಲಿಗೆ ಬೇರೆಯವರ ಹೆಸರುಗಳನ್ನು ಹೊತ್ತ ಮನುಷ್ಯ, ತನ್ನದೂ ಒಂದು ವಿಳಾಸ ಇರಲಿ ಎಂದು ಆಸೆಪಟ್ಟರೆ ತಪ್ಪೇನಿಲ್ಲ ಬಿಡು. ಗೋಡೆಗೆ ಹಚ್ಚುವ ಕಾಗದದ ಸುರುಳಿಯ ಮೇಲೆ ಹದಿಮೂರು ತಲೆಮಾರಿನ ವಂಶವೃಕ್ಷ ಬರೆದರು. ಕೊನೆಯಲ್ಲಿ ನೀನು. ನಾನೂ ಇದ್ದೆ, ಸ್ವಲ್ಪ ಓರೆಯಾಗಿ.

ಇನ್ನು ಆ ವರ್ಷದ ವಿಷಯ, ೨೦೦೩. ನೀನು ಸೋಲ್ವೈಯ ತಂದೆಯ ಹೊಲಮನೆಗೆ ಇರಲು ಹೋದೆ. ನಿಮ್ಮ ನಾರ್ವೆಯ ಆ ಕಡೆ ಹೊಲದಲ್ಲಿ ಬಂದು ನೆಲೆಸಿದವನಿಗೆ ಹೊಲದ ಹೆಸರೇ ಹೆಸರು ಎಂದು ಬರೆದು, ಮಾಲ್ಕಮ್ ಹೌಗನ್ ಎಂದು ಸಹಿ ಮಾಡಿದ ಕಾಗದ ಕಳಿಸಿದೆ. ಅಪ್ಪ ಅದನ್ನು ಓದಿ ತಟ್ಟೆ ದೂರ ತಳ್ಳಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಹದಿಮೂರು ತಲೆಮಾರು ಹೊತ್ತು ತಂದ ಹೆಸರನ್ನ ಹೆಂಡ್ತಿ ಮನೆ ಗೇಟಿಗೆ ನೇತುಹಾಕಿದಾನೆ. ಅವನು ಹೆಸಲ್‌ಗಿಲ್ ಅಲ್ಲ ಅಂದ್ಮೇಲೆ ಈ ಮನೇಲಿ ಅವನಿಗೇನು ಕೆಲಸ?" ಅಷ್ಟೇ ಸಾಲದೆ ಅದನ್ನೇ ನಿನಗೂ ಬರೆದರು. ವಂಶವೃಕ್ಷದಲ್ಲಿ ನಿನ್ನ ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದರು. ಅಮ್ಮನ ಅಂತ್ಯಕ್ರಿಯೆಗೆ ಬಂದ ನೀನು ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಹಾಗೆಯೇ ಹೊರಟುಹೋದೆ. ನಾನು ಮದುವೆಯಾಗಿ ವೆಂಡಿ ಬೂತ್ ಆದಾಗ ಅಪ್ಪ ಕೇಕು ಕತ್ತರಿಸಿದ್ದರು. ನೀನು ಹೌಗನ್ ಆದಾಗ ಬಾಗಿಲು ಹಾಕಿದರು. ಆಗಲೇ ನಾನು ಬಾಯಿ ಬಿಟ್ಟು ಈ ಮಾತು ಹೇಳಬೇಕಿತ್ತು. ಹೇಳಲಿಲ್ಲ, ಅಡಿಗೆಮನೆಗೆ ಹೋಗಿ ತಟ್ಟೆ ತೊಳೆದೆ. ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ.

ಈಗ ಹೊಸ ಸುದ್ದಿಗೆ ಬರುತ್ತೇನೆ. ಹೆಸಲ್‌ಗಿಲ್ ಹೆಸರಿನವರ ಸಂಘ ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ ಹಾರ್ಕರ್‌ಡೇಲ್‌ನಲ್ಲಿ ಸೇರಿ ಹ್ಯಾಮ್ ತಿಂದು ಒಬ್ಬರ ಮೂಗನ್ನು ಇನ್ನೊಬ್ಬರ ಮೂಗಿಗೆ ಹೋಲಿಸುವ ನಲವತ್ತು ಜನ. ಅಪ್ಪನೇ ಅದರ ಅಧ್ಯಕ್ಷ. ಈ ಜೂನ್‌ನಲ್ಲಿ ಚರ್ಚಿನೊಳಗೆ ಕಪ್ಪು ಕಲ್ಲಿನ ಫಲಕ ಹಾಕುತ್ತಾರಂತೆ, ಅಪ್ಪ ಹುಡುಕಿದ ಹದಿಮೂರು ತಲೆಮಾರನ್ನು ಕೆತ್ತಿಸಿ. ಕಾರ್ಯದರ್ಶಿ ಡೋರೀನ್ ಹೆಸಲ್‌ಗಿಲ್ ಫೋನಿನಲ್ಲಿ ಬಿಡಲೇ ಇಲ್ಲ: "ವೆಂಡಿ, ನಿಮ್ಮಪ್ಪ ಕಣ್ಣು ಬಿಟ್ಟಿರೋವಾಗ್ಲೇ ಆಗ್ಬೇಕು ಕಣೇ. ಕಲ್ಲು ಕೆತ್ತೋನು ಕಾಯ್ತಾ ಕೂತಿದಾನೆ. ವಂಶವೃಕ್ಷದಲ್ಲಿರೋ ಆ ವಿಲಿಯಂ ಹುಟ್ಟಿದ ಇಸವಿ, ಮದುವೆ ಇಸವಿ ಒಂದು ಸಲ ನೋಡಿ ಹೇಳ್ಬಿಡು, ಒಂದು ಸಲ ಕೆತ್ತಿದ್ರೆ ಆಮೇಲೆ ರಬ್ಬರ್ ಹಾಕಿ ಉಜ್ಜಕ್ಕಾಗಲ್ಲ." ಹಾಗಾಗಿ ಹೋದ ಶನಿವಾರ ಅಪ್ಪನ ಮನೆಗೆ ಹೋಗಿ ಮಲಗುವ ಕೋಣೆಯ ಬೀರು ತೆಗೆದೆ.

ಸಂಘಕ್ಕೆ ಹೊಸದಾಗಿ ಸೇರಿದವರಿಗೆ ಅಪ್ಪ ಕೊಡುತ್ತಿದ್ದ ಬುದ್ಧಿಮಾತು ನಿನಗೂ ಬಾಯಿಪಾಠ. "ಮೊದಲು ಹೂತವರ ಪುಸ್ತಕ ನೋಡ್ರಪ್ಪ, ಆಮೇಲೆ ಮದುವೆ ಪುಸ್ತಕ. ಸತ್ತ ಕೂಸಿಗೆ ಮದುವೆ ಮಾಡಿಸ್ಬೇಡಿ." ಹಿಂದಿನವರು ಒಂದು ಮಗು ತೀರಿಕೊಂಡರೆ ಅದೇ ಹೆಸರನ್ನು ಮುಂದಿನದಕ್ಕೆ ಇಡುತ್ತಿದ್ದರು, ಊರಲ್ಲಿ ಅದೇ ಹೆಸರಿನವರು ಇನ್ನೂ ಇಬ್ಬರು ಇರುತ್ತಿದ್ದರು. ಚರ್ಚಿನ ನಾಮಕರಣದ ಪುಸ್ತಕದಲ್ಲಿ ಬೇಕಾದ ಹೆಸರು ಕಂಡ ಕೂಡಲೇ ಕುಣಿದಾಡಿ, ಅದು ಬದುಕಿತೋ ಇಲ್ಲವೋ ನೋಡದೆ, ಇಪ್ಪತ್ತೈದು ವರ್ಷ ಆದಮೇಲಿನ ಮದುವೆಗೆ ಗಂಟು ಹಾಕುವುದು ಈ ಹವ್ಯಾಸದವರ ಹಳೆ ರೋಗ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತು ನೋಡು. ಬೀರುವಿನ ತಳದಲ್ಲಿ ಬಿಸ್ಕತ್ತಿನ ಡಬ್ಬ ಇತ್ತು, ಅದರಲ್ಲಿ ಒಂದು ಲಕೋಟೆ, ಅದರಲ್ಲಿ ಅಪ್ಪನ ಕೈಬರಹದ ಎರಡು ಹಾಳೆ. ಮೊದಲ ಹಾಳೆಯಲ್ಲಿ, ಹೂತವರ ಪುಸ್ತಕದಿಂದ ಇಳಿಸಿಕೊಂಡದ್ದು: 'ವಿಲಿಯಂ, ಹೆಸಲ್‌ಗಿಲ್ ಮನೆಯ ಥಾಮಸ್‌ನ ಮಗ, ಒಂಬತ್ತು ವಾರದ ಕೂಸು, ೧೭೫೮ರ ಮೇ ತಿಂಗಳಲ್ಲಿ ಹೂಳಲಾಯಿತು.' ನಮ್ಮ ವಿಲಿಯಂ ಕಣೋ. ಹದಿಮೂರು ತಲೆಮಾರಿನ ಕೊಂಡಿ. ೧೭೮೩ರಲ್ಲಿ ಮದುವೆಯಾದವನು, ನಮ್ಮ ಮುತ್ತಾತನ ಮುತ್ತಾತ. ಅವನು ಒಂಬತ್ತನೆಯ ವಾರದಲ್ಲೇ ಮಣ್ಣು ಸೇರಿದ್ದ.

ಹಾಗಾದರೆ ಮದುವೆಯಾದ ವಿಲಿಯಂ ಯಾರು? ಅದು ಎರಡನೆಯ ಹಾಳೆ. ಆಗೆಲ್ಲ ಊರಿಗೆ ಹೊರಗಿನವನು ಬಂದು ನೆಲೆಸಿದರೆ, ನಾಳೆ ಇವನ ಹೊಟ್ಟೆ ಊರಿಗೆ ಹೊರೆಯಾದೀತೇ ಎಂದು ಕೂರಿಸಿ ವಿಚಾರಿಸಿ ಬರೆದುಕೊಳ್ಳುತ್ತಿದ್ದರಲ್ಲ, ಅಂಥದೊಂದು ವಿಚಾರಣೆಯ ನಕಲು, ೧೭೮೧ರದ್ದು. ಹೆಸರು ವಿಲಿಯಂ. ಅವನ ತಂದೆಯ ಹೆಸರು ಗೊತ್ತಿಲ್ಲ. ಸ್ಕಾಟ್ಲೆಂಡಿನಿಂದ ದನ ಹೊಡೆದುಕೊಂಡು ಬರುವವರ ಜೊತೆ ಬಂದವನು. ಹೆಸಲ್‌ಗಿಲ್ ಹೊಲದ ಕಲ್ಲುಗೋಡೆ ಹಾರುವಾಗ ಕಾಲು ಮುರಿದುಕೊಂಡ, ಜೊತೆಗಾರರು ದನದ ಹಿಂದೆ ಹೋದರು, ಮನೆಯವರು ಇವನನ್ನು ಇಟ್ಟುಕೊಂಡರು. ಕೊನೆಯ ಸಾಲು ಹೀಗಿದೆ: 'ಅಲ್ಲಿ ಇರುವುದರಿಂದ ಜನ ಇವನನ್ನು ಹೆಸಲ್‌ಗಿಲ್‌ನ ವಿಲಿಯಂ ಎನ್ನುತ್ತಾರೆ.' ಡೋರೀನ್ ಸತ್ತ ಕೂಸಿನ ತಮ್ಮನ ಕಡೆಯವಳು, ಅಪ್ಪಟ ಹೆಸಲ್‌ಗಿಲ್. ನಾವು ಕಾಲು ಮುರಿದುಕೊಂಡವನ ಕಡೆಯವರು. ಮೊದಲು ನಕ್ಕೆ, ಒಬ್ಬಳೇ ಮಂಚದ ಮೇಲೆ ಕೂತು. ಆಮೇಲೆ ಹಾಳೆಯ ಮೂಲೆಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ಹಾಕಿದ ತಾರೀಕು ಕಂಡಿತು. ೧೪ ಅಕ್ಟೋಬರ್ ೧೯೯೭.

ನೀನೇ ಲೆಕ್ಕ ಹಾಕು. ನಿನ್ನ ಕಾಗದ ಬರುವುದಕ್ಕೆ ಆರು ವರ್ಷ ಮೊದಲೇ ಅಪ್ಪನಿಗೆ ಗೊತ್ತಿತ್ತು. ಬಂದು ನೆಲೆಸಿದ ಹೊಲದ ಹೆಸರನ್ನೇ ಇಟ್ಟುಕೊಂಡವನಿಂದ ನಾವೆಲ್ಲ ಬಂದದ್ದು ಎಂದು ಗೊತ್ತಿದ್ದೂ, ಅದೇ ಕೆಲಸ ಮಾಡಿದ ನಿನ್ನನ್ನು ಹೊರಗೆ ಹಾಕಿದರು. ನನಗೆ ಬಂದ ಸಿಟ್ಟಿಗೆ ಆ ಡಬ್ಬವನ್ನು ಗೋಡೆಗೆ ಎಸೆದೆ, ಅದರ ತಗ್ಗು ಇನ್ನೂ ಗೋಡೆಯಲ್ಲಿದೆ. ಸೀದಾ ಗುಡ್ಡದ ಮೇಲಕ್ಕೆ ಹೋಗಿ ಹಾಳೆಗಳನ್ನು ಅಪ್ಪನ ತೊಡೆಯ ಮೇಲೆ ಇಟ್ಟು, ಇದೇನು ಎಂದು ಕೇಳಿದೆ. ಎಂಬತ್ತೆಂಟು ವರ್ಷದವರನ್ನು ಹಾಗೆ ಕೇಳಬಾರದಿತ್ತು. ಅಪ್ಪ ಹಾಳೆಗಳನ್ನು ನೋಡಿದರು. 'ಏನಿಲ್ಲ' ಎಂದರು. ಕಣ್ಣಲ್ಲಿ ನೀರು ಇಳಿಯಿತು, ಮತ್ತೆ 'ಏನಿಲ್ಲ, ಏನಿಲ್ಲ' ಎಂದರು. ಎಡಗೈಯಲ್ಲಿ ನನ್ನ ತೋಳನ್ನು ಹಿಡಿದುಕೊಂಡು ಬಿಡಲಿಲ್ಲ. ಸುಟ್ಟುಹಾಕು ಎಂದರೋ, ಎಲ್ಲರಿಗೂ ಹೇಳು ಎಂದರೋ, ಮಾಲ್ಕಮ್‌ಗೆ ಬರೆ ಎಂದರೋ, ನನಗೆ ಹೇಗೆ ಗೊತ್ತಾಗಬೇಕು? ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಅದೇ. ಸಿಟ್ಟು ಯಾವಾಗ ಇಳಿಯಿತೋ ತಿಳಿಯಲಿಲ್ಲ, ಹಣೆ ಒರೆಸಿ ಬಾಯಿಗೆ ತಣ್ಣಗಿನ ಟೀ ಹಿಡಿದೆ.

ಡೋರೀನ್ ದಿನಾ ಫೋನ್ ಮಾಡುತ್ತಾಳೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಮ್ಮನಿದ್ದರೆ ಸತ್ತ ಕೂಸಿನ ಮದುವೆಯನ್ನು ನಾನೇ ಕಲ್ಲಿನಲ್ಲಿ ಕೆತ್ತಿಸಿದಂತೆ. ಹೇಳಿದರೆ, ಬಾಯಿಲ್ಲದ ಮುದುಕನ ನಲವತ್ತು ವರ್ಷವನ್ನು ನಲವತ್ತು ಜನರ ಮುಂದೆ ಹರಿದಂತೆ. ಹರಿಯಲು ನನಗೇನು ಹಕ್ಕಿದೆ? ಅವರು ಹರಿದದ್ದು ನನ್ನನ್ನಲ್ಲ, ನಿನ್ನನ್ನು. ಅದಕ್ಕೇ ಎರಡು ಹಾಳೆಗಳನ್ನೂ ಇದರ ಜೊತೆ ಇಟ್ಟಿದ್ದೇನೆ, ನಕಲಲ್ಲ, ಅಪ್ಪ ಬರೆದದ್ದೇ. ಏನು ಮಾಡುವುದೋ ನೀನು ಹೇಳು.

ಸೋಲ್ವೈಗೆ, ಮಾರಿಟ್‌ಗೆ ನನ್ನ ಮುತ್ತು. ಬರುವ ಮರಿಗಳೆಲ್ಲ ಎದ್ದು ನಿಂತು ಹಾಲು ಕುಡಿಯಲಿ. ನಿನ್ನ ಎದೆಗೆ ಬೆಚ್ಚಗೆ ಏನಾದರೂ ಸುತ್ತಿಕೋ.

ನಿನ್ನ ಅಕ್ಕ,
ವೆಂಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದಿದ್ದೇನೆ. ಬ್ಲೆಸಿಂಗ್ ಫೋನ್ ಮಾಡಿದಳು, ಅಪ್ಪನ ಎದೆಯಲ್ಲಿ ಕಫ ಕಟ್ಟಿದೆ, ಮಗ ಇದ್ದರೆ ಕರೆಸಿ ಎಂದು ಡಾಕ್ಟರು ಹೇಳಿದರಂತೆ. ಓಡಿಹೋಗಿ ಈಗ ಬಂದೆ. ಹೆಸರಿನ ಚೀಟಿ ಇವತ್ತೂ ನೆಲದ ಮೇಲೆ ಬಿದ್ದಿತ್ತು. ನಾನು ಹೊಸದು ತಗೊಂಡು ಬರೀ 'ಅರ್ನಾಲ್ಡ್' ಎಂದು ಬರೆದು ಅಂಟಿಸಿದೆ. ಅಪ್ಪ ಹಾಸಿಗೆಯಿಂದಲೇ ಅದನ್ನು ನೋಡಿದರು, ಆಮೇಲೆ ಇವತ್ತು ಮೊದಲ ಸಲ ಕಣ್ಣು ಮುಚ್ಚಿ ನಿದ್ದೆ ಮಾಡಿದರು. ನಾನು ಹೊರಡುವಾಗಲೂ ಚೀಟಿ ಹಾಗೆಯೇ ಇತ್ತು. ನಿಮ್ಮ ಮನೆಗೆ ಈಗಲೂ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಈ ಕಾಗದ ನಿನಗೆ ತಲುಪಲು ಐದು ದಿನ, ಅಷ್ಟು ದಿನ ಇದೆಯೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಹೊರಟುಬಿಡು ಮಾಲ್ಕಮ್. ಬಾಗಿಲಲ್ಲಿ ಒಂದು ಪುಸ್ತಕ ಇದೆ, ನೋಡಲು ಬಂದವರು ಹೆಸರು ಬರೆಯಬೇಕು. ಹೌಗನ್ ಅಂತಲೇ ಬರೆ. ಒಳಗೆ ಬಿಡುತ್ತಾರೆ.