ಕೈ ಎತ್ರಿ, ಅಕ್ಕಾಸಾಹೇಬ

ಜನವರಿ 6, ಬೆಳಿಗ್ಗೆ

ಇವತ್ತೂ ಚಹಾ ಮೇಲಕ್ಕೇ ಬಂತು. ಅಡುಗೆಮನೆಗೆ ಇಳಿದು ಹೋದರೆ ಹೆಂಗಸರೆಲ್ಲ ಎದ್ದು ನಿಲ್ಲುತ್ತಾರೆ — ಕುಡಿಯುವುದು ಹೇಗೆ? ಉದಗೀರದ ಈ ವಾಡೆಯಲ್ಲಿ ನಾನೀಗ ‘ಅಕ್ಕಾಸಾಹೇಬ’. ದೀಪಾವಳಿಯವರೆಗೆ ನಿಲಂಗಾದಲ್ಲಿ ಬ್ಲೌಸಿಗೆ ಹುಕ್ ಹಚ್ಚುತ್ತಿದ್ದೆ. ಅವ್ವ ಹೊಲಿಯುತ್ತಿದ್ದಳು. ದಿಗಂಬರ ಪಾಟೀಲರು ಅವ್ವನನ್ನು ಮದುವೆಯಾಗಲಿಲ್ಲ, ಆದರೆ ನನ್ನ ಅಪ್ಪ ಅವರೇ ಎಂದು ಊರಿಗೆಲ್ಲ ಗೊತ್ತಿತ್ತು. ಹಬ್ಬಕ್ಕೆ ಇಲ್ಲಿಗೆ ಕರೆತಂದು ಹೆಸರು ಬದಲಿಸಿದರು; ಈಗ ಗೆಜೆಟ್‌ಗೂ ಗೊತ್ತಾಗಿದೆ. ತ್ರಿವೇಣಿ ದಿಗಂಬರ ಪಾಟೀಲ. ಓದಿದರೆ ಬೇರೆ ಯಾರೋ ಅನಿಸುತ್ತದೆ.

ಅಪ್ಪನ ಹೆಂಡತಿ ಸುಮಿತ್ರಾಬಾಯಿಯವರನ್ನು ಏನೆಂದು ಕರೆಯಲಿ? ತಿಳಿಯದೆ ಹತ್ತಿರ ಹೋಗಿ ಕೆಮ್ಮುತ್ತೇನೆ.

ಜನವರಿ 9

ಉಮರ್ಗಾದ ಹುಡುಗ. ಋಷಿಕೇಶ. ಫೋಟೋದಲ್ಲಿ ಒಳ್ಳೆಯವನಂತೆ ಕಾಣುತ್ತಾನೆ. ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಇದೇ ತಿಂಗಳು. ಉಡಿ ತುಂಬಲು ಅವ್ವ ಬರಬೇಕು ಎಂದೆ. ಅಪ್ಪ ಪೇಪರ್ ಮಡಚಿದರು. ಸುಮಿತ್ರಾಬಾಯಿಯೇ ಮಾತಾಡಿದರು.

“ಉಡಿ ಮುತ್ತೈದಿ ತುಂಬಬೇಕವಾ. ಆಕಿಗಿ ತಾಳಿ ಎಲ್ಲದ?”

ಸಿಟ್ಟು ಬಂತು. ಅವ್ವ ದಿನಾ ಕುಂಕುಮ ಇಡುತ್ತಾಳೆ. ಅಪ್ಪ ಎದುರಿಗೇ ಕೂತಿದ್ದಾರೆ, ಗಟ್ಟಿಮುಟ್ಟಾಗಿ. ಮುತ್ತೈದೆಯಲ್ಲದಿದ್ದರೆ ಅವ್ವ ಏನು? ವಿಧವೆಯೂ ಅಲ್ಲ...

ಜನವರಿ 21

ಅಪ್ಪ ದಾರಿ ಹುಡುಕಿದ್ದಾರೆ. “ಬರ್ಲಿ. ಟೇಲರ್ ಬಾಯಿ ಅಂತ ಬರ್ಲಿ. ಬ್ಲೌಸ್ ಫಿಟಿಂಗ್ ನೋಡ್ಲಾಕ.” ಅವ್ವ ಒಪ್ಪಿದಳಂತೆ. ಖುಷಿಪಡಬೇಕೋ, ಅಳಬೇಕೋ? ಎರಡೂ ಆಗಲಿಲ್ಲ. ಊಟ ಮಾಡಿದೆ.

ಜನವರಿ 27, ಸಂಜೆ

ಉಡಿ ಸುಮಿತ್ರಾಬಾಯಿ ತುಂಬುವವರಿದ್ದರು. ಅದಕ್ಕೆ ಮುಂಚೆ, ಉಮರ್ಗಾದ ಹೆಂಗಸರ ಎದುರಿಗೆ, ಅವ್ವ ನನ್ನ ತೋಳಿನ ಹೊಲಿಗೆ ಸಡಿಲು ಮಾಡಿದಳು.

“ಕೈ ಎತ್ರಿ, ಅಕ್ಕಾಸಾಹೇಬ.”

ನನಗೆ! ಎತ್ರಿ! ನಗು ಬಂತು. ಅಲುಗಾಡಿದ್ದಕ್ಕೆ ಸೂಜಿ ಚುಚ್ಚಿತು. “ಅವ್ವಾ!” ಎಂದು ಕೂಗಿಬಿಟ್ಟೆ.

“ಏನವಾ? ಏನಾಯ್ತು?” ಸುಮಿತ್ರಾಬಾಯಿ ಓಡಿ ಬಂದರು. ತೋಳು ತಿಕ್ಕಿದರು. ಅವರ ಕಣ್ಣಲ್ಲಿ ನೀರು. ಕೊನೆಗೂ ತಮ್ಮನ್ನು ಅವ್ವ ಅಂದೆನೆಂದುಕೊಂಡರು! ಅಲ್ಲ ಎನ್ನಲು ಬಾಯಿ ಬರಲಿಲ್ಲ. ಅಷ್ಟು ಸಂತೋಷವಾಗಿತ್ತು ಅವರಿಗೆ.

ಅವ್ವ ತಲೆ ಎತ್ತಲಿಲ್ಲ. ಹಲ್ಲಿನಿಂದ ದಾರ ಕಡಿದಳು.

ಜನವರಿ 28

ನಿಲಂಗಾಕ್ಕೆ ಫೋನ್ ಮಾಡಿದೆ.

“ಅವ್ವಾ, ನಾ ನಿನಗ ಕರದಿದ್ದೆ.”

ಅತ್ತ ಮಷೀನಿನ ಸದ್ದು ನಿಂತಿತು. ಆಮೇಲೆ —

“ಫಿಟಿಂಗ್ ಬರೋಬರ್ ಆಗ್ಯಾದ ಏನ್ರಿ?”

ಮಗ್ಗುಲಲ್ಲಿ ಗಿರಾಕಿ ಇದ್ದಿರಬೇಕು. ಯಾರ ದನಿಯೂ ಕೇಳಲಿಲ್ಲ... ಇದ್ದಿರಲೇಬೇಕು. ಇಲ್ಲದಿದ್ದರೆ ನನಗೆ ಯಾಕೆ ‘ಏನ್ರಿ’ —